ಅರವತ್ತು ವರ್ಷ ದಾಟಿದ ವಿಂಟೇಜ್ ಪೋರ್ಟ್: ತೆಗೆಯೋದು ಹೇಗೆ, ಕುಡಿಯೋದು ಹೇಗೆ?

ಪ್ರಶ್ನೆ: ಬೆಣ್ಣೆದೋಸೆ, ನಾಟಿಂಗ್‌ಹ್ಯಾಮ್

ನಮಸ್ಕಾರ. ನಾನು ದಾವಣಗೆರೆಯವಳು, ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜಿ ಮನೆ ಮಾರಿ ಮಗಳ ಊರಿಗೆ ಹೊರಟಿದ್ದಾರೆ. ನೆಲಮಾಳಿಗೆ ಖಾಲಿ ಮಾಡುವಾಗ ಎರಡು ಬಾಟಲಿ ಪೋರ್ಟ್ ತಂದು ಕೈಗಿಟ್ಟರು. ತೀರಿಕೊಂಡ ಗಂಡ ಕೂಡಿಟ್ಟಿದ್ದಂತೆ. ಅಜ್ಜಿಗೆ ಡಾಕ್ಟರು ಕುಡಿಯಬೇಡಿ ಅಂದಿದ್ದಾರೆ.

ಒಂದು ಬಾಟಲಿಯ ಮೇಲೆ ಬಿಳಿ ಬಣ್ಣದಲ್ಲಿ 1963 ಅಂತ ಅಚ್ಚು ಹೊಡೆದಿದೆ. ಕಂಪನಿ ಹೆಸರು ಅಳಿಸಿ ಹೋಗಿದೆ. ಇನ್ನೊಂದಕ್ಕೆ ಲೇಬಲ್ಲೇ ಇಲ್ಲ. ಬಾಯಿಗೆ ಅರಗು ಮೆತ್ತಿದ್ದಾರೆ, ಅದೂ ಅರ್ಧ ಉದುರಿದೆ. ಅದು 1935ರದ್ದು ಅಂತ ಅಜ್ಜಿ ಹೇಳುತ್ತಾರೆ. ಎರಡು ಬಾಟಲಿಗೂ ಮೈಮೇಲೆ ಒಂದೇ ಕಡೆ ಸುಣ್ಣ ಬಳಿದ ಗುರುತು ಇದೆ. ಅದು ಯಾಕೆ ಅಂತ ಅಜ್ಜಿಗೂ ಗೊತ್ತಿಲ್ಲ.

ನನಗೆ ಗೊತ್ತಿರುವ ಪೋರ್ಟ್ ಅಂದರೆ ಕಾಲೇಜು ಟೂರಿನಲ್ಲಿ ಗೋವಾದಲ್ಲಿ ಕುಡಿದ ಸಿಹಿ ಕೆಂಪು ವೈನ್, ಅಷ್ಟೇ. ಇಷ್ಟು ಹಳೆಯದು ಕುಡಿದರೆ ಏನೂ ಆಗಲ್ಲ ಅಲ್ವಾ? ಹಾಳಾಗಿದ್ದರೆ ಹೇಗೆ ಗೊತ್ತಾಗುತ್ತೆ? ಯಾವುದನ್ನು ಮೊದಲು ತೆಗೆಯಲಿ? ಮನೆಯಲ್ಲಿ ಇರುವುದು ಮಾಮೂಲಿ ಸ್ಕ್ರೂ ಓಪನರ್. ಯೂಟ್ಯೂಬ್‌ನಲ್ಲಿ ಒಬ್ಬರು ಕೆಂಪಗೆ ಕಾಯಿಸಿದ ಇಕ್ಕಳ ಹಿಡಿದು ಬಾಟಲಿಯ ಕತ್ತೇ ಮುರಿದರು. ನೋಡಿ ಗಾಬರಿಯಾಯಿತು. ಜೊತೆಗೆ ಏನು ತಿನ್ನೋದು ಅಂತಲೂ ಹೇಳಿ. ನಾವು ಸಸ್ಯಾಹಾರಿಗಳು.


ಉತ್ತರ: ಗೋಕರ್ಣ ಗುಂಡ

ಮೇಡಂ, ಅಂಥ ಅಜ್ಜಿ ಪಕ್ಕದಲ್ಲಿರೋಕೆ ಪುಣ್ಯ ಮಾಡಿರಬೇಕು. ವೈನ್ ಹಳೆಯದಾದಷ್ಟೂ ರುಚಿ ಜಾಸ್ತಿ ಅಂತಾರಲ್ಲ, ಹಾಗಾದ್ರೆ 1935ರದ್ದೇ ಮೊದಲು ತೆಗೀರಿ. ಜೊತೆಗೆ ಒಬ್ಬಟ್ಟು ಮಾಡಿ. ಸಿಹಿಗೆ ಸಿಹಿ.


ಉತ್ತರ: ನೆಲಮಾಳಿಗೆ, ಲಂಡನ್

ಗುಂಡ ಅವರ ಮಾತು ಕೇಳಬೇಡಿ. ಎರಡೂ ವಿಷಯದಲ್ಲಿ.

ನಾನು ಕುಮಟಾ ಕಡೆಯವನು. ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದೆ, ಆಮೇಲೆ ಪ್ರವಾಸಿ ಹಡಗಿನಲ್ಲಿ ಕೆಲಸ ಮಾಡಿದೆ. ಈಗ ಲಂಡನ್ನಿನ ಒಂದು ಊಟದ ಮನೆಯಲ್ಲಿ ವೈನ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಅಜ್ಜನ ಕಾಲದ ಪೋರ್ಟ್ ತೆಗೆಸುವವರು ಕೆಲವರಿದ್ದಾರೆ. ಗಿರಾಕಿಗೆ ಬಗ್ಗಿಸುವ ಮೊದಲು ಬಾಟಲಿ ತೆಗೆದವನು ಒಂದು ಗುಟುಕು ನೋಡಬೇಕು. ನಾನು ಕುಡಿದ ಹಳೆಯ ಪೋರ್ಟ್ ಎಲ್ಲ ಹೀಗೇ, ಒಂದೆರಡು ಚಮಚದಷ್ಟು, ಬೇರೆಯವರ ದುಡ್ಡಿನಲ್ಲಿ. ಆ ಲೆಕ್ಕದಲ್ಲಿ ನಾನು ತುಂಬ ಸಾಹುಕಾರ.

ಮೊದಲು ನಿಮ್ಮ ಭಯ ಬಿಡಿ. ಕುಡಿದರೆ ಏನೂ ಆಗಲ್ಲ. ಹೆಚ್ಚೆಂದರೆ ರುಚಿ ಕೆಟ್ಟಿರುತ್ತೆ. ಪೋರ್ಚುಗಲ್‌ನ ಉತ್ತರದಲ್ಲಿ ಡೋರೊ ನದಿ ಕಣಿವೆ ಇದೆ. 1756ರಲ್ಲೇ ಇಂತಿಷ್ಟು ಜಾಗದ ದ್ರಾಕ್ಷಿಯೇ ಪೋರ್ಟ್‌ಗೆ ಅಂತ ಗಡಿ ಹಾಕಿದ ಪ್ರದೇಶ ಅದು. ಅಲ್ಲಿ ದ್ರಾಕ್ಷಿ ತುಳಿದು ರಸ ಹುದುಗಲು ಬಿಡುತ್ತಾರೆ. ಎರಡು ಮೂರು ದಿನದಲ್ಲಿ, ಅರ್ಧ ಸಕ್ಕರೆ ಇನ್ನೂ ಉಳಿದಿರುವಾಗಲೇ, 77 ಪರ್ಸೆಂಟ್ ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಹುದುಗು ಅಲ್ಲಿಗೆ ಸಾಯುತ್ತದೆ. ಸಿಹಿ ಉಳಿಯುತ್ತದೆ, ಆಲ್ಕೋಹಾಲ್ 20 ಪರ್ಸೆಂಟ್ ಆಸುಪಾಸಿಗೆ ಏರುತ್ತದೆ. ಸಕ್ಕರೆ, ಸ್ಪಿರಿಟ್, ಜೊತೆಗೆ ಸಿಪ್ಪೆಯ ಒಗರು. ಮೂರೂ ಸೇರಿ ಕಾಪಾಡುತ್ತವೆ. ಹಾಗಾಗಿಯೇ ಇದು ಅಷ್ಟು ವರ್ಷ ತಡೆಯುವುದು. ಗೋವಾದ್ದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ನಂಟಿಲ್ಲ.

ವಿಂಟೇಜ್ ಪೋರ್ಟ್ ಅಂದರೆ ಒಂದೇ ಒಳ್ಳೆಯ ವರ್ಷದ ಫಸಲಿನದ್ದು. ಅದು ಮರದ ಪೀಪಾಯಿಯಲ್ಲಿ ಇರುವುದು ಎರಡು, ಹೆಚ್ಚೆಂದರೆ ಮೂರು ವರ್ಷ. ಉಳಿದ ಆಯುಸ್ಸೆಲ್ಲ ಬಾಟಲಿಯಲ್ಲಿ. ಸೋಸದೆ ತುಂಬುವುದರಿಂದ ಒಳಗೆ ಗಸಿ ಕಟ್ಟುತ್ತದೆ. ಮಲಗಿಸಿದ ಬಾಟಲಿಯಲ್ಲಿ ಅದು ಕೆಳಗಿನ ಬದಿಗೆ ಚಕ್ಕೆಯಾಗಿ ಅಂಟಿಕೊಳ್ಳುತ್ತದೆ. ನಿಮ್ಮ ಸುಣ್ಣದ ಗುರುತಿನ ಕಥೆ ಇದೇ. ಯಾವ ಬದಿ ಮೇಲಿತ್ತು ಅಂತ ತಿಳಿಯಲು ನೆಲಮಾಳಿಗೆಯವರು ಹಾಕಿದ ಗುರುತು ಅದು. ಬಾಟಲಿ ಜಾಗ ಬದಲಿಸಿದರೂ ಆ ಬದಿಯೇ ಮೇಲಿರಬೇಕು. ಇಲ್ಲದಿದ್ದರೆ ಕಟ್ಟಿದ ಚಕ್ಕೆ ಒಡೆದು ವೈನ್ ತುಂಬ ಕದಡುತ್ತೆ. ದಯವಿಟ್ಟು ಒರೆಸಬೇಡಿ.

ಲೇಬಲ್ ಇಲ್ಲ ಅಂತ ಬೇಜಾರೂ ಬೇಡ. ಆ ಕಾಲದಲ್ಲಿ ಪೋರ್ಟ್ ಪೀಪಾಯಿಗಳಲ್ಲೇ ಇಂಗ್ಲೆಂಡಿಗೆ ಬರುತ್ತಿತ್ತು. ಲಂಡನ್, ಬ್ರಿಸ್ಟಲ್ ಹೀಗೆ ಬೇರೆ ಬೇರೆ ಊರಿನ ವ್ಯಾಪಾರಿಗಳು ತಮ್ಮ ನೆಲಮಾಳಿಗೆಯಲ್ಲೇ ಬಾಟಲಿಗೆ ತುಂಬುತ್ತಿದ್ದರು. ಒಬ್ಬರು ಲೇಬಲ್ ಹಚ್ಚುತ್ತಿದ್ದರು, ಒಬ್ಬರು ಅರಗಿನ ಮೇಲೆ ಮುದ್ರೆ ಒತ್ತುತ್ತಿದ್ದರು, ಒಬ್ಬರು ಏನೂ ಮಾಡುತ್ತಿರಲಿಲ್ಲ. 1970ರ ದಶಕದಲ್ಲಿ ಕಾನೂನು ಬದಲಾಗಿ ವಿಂಟೇಜ್ ಎಲ್ಲ ಪೋರ್ಚುಗಲ್‌ನಲ್ಲೇ ಬಾಟಲಿಯಾಗಬೇಕು ಅಂತಾಯಿತು. 1945ರದ್ದು ಮಾತ್ರ ಹಳೆಯದಾದರೂ ಬೇರೆ. ಯುದ್ಧ ಮುಗಿದ ಹೊಸತರ ಕೊರತೆಯಲ್ಲಿ ಹೆಚ್ಚಿನದನ್ನು ಅಲ್ಲೇ ತುಂಬಿದರು. ಒಟ್ಟಿನಲ್ಲಿ ನಿಮ್ಮ ಬಾಟಲಿಯ ಗುರುತಿನ ಚೀಟಿ ಅಂದರೆ ಅದರ ಬಿರಡೆ. ಕಂಪನಿಯ ಹೆಸರು, ಇಸವಿ ಎರಡನ್ನೂ ಅದರ ಮೇಲೆ ಸುಟ್ಟು ಒತ್ತಿರುತ್ತಾರೆ. ಚೂರಾದರೂ ಒಂದೂ ಎಸೆಯಬೇಡಿ.

ಈಗ ಯಾವುದು ಮೊದಲು ಅನ್ನೋದು. 1963ರದ್ದು. ಅನುಮಾನವೇ ಬೇಡ.

ಹಳೆಯದಾದಷ್ಟೂ ಒಳ್ಳೆಯದು ಅನ್ನುವುದು ಬರಿ ಮಾತು. ಒಂದು ಪೋರ್ಟ್ ಮನೆ, ಅಂದರೆ ಕಂಪನಿ, ಈ ವರ್ಷದ್ದು ವಿಂಟೇಜ್ ಅಂತ ದಶಕದಲ್ಲಿ ಮೂರು ಸಲ ಘೋಷಿಸಿದರೆ ಹೆಚ್ಚು. ಫಸಲು ಚೆನ್ನಾಗಿದ್ದರೂ ಮಾರುಕಟ್ಟೆ ನೋಡಿ ಬಿಡುವುದೂ ಉಂಟು. 1931 ಅದ್ಭುತ ವರ್ಷ. ಆದರೆ 1927ರ ಸರಕು ಇನ್ನೂ ಮಾರಾಟವಾಗದೆ ಕೂತಿತ್ತು, ಜಗತ್ತಿಗೇ ದುಡ್ಡಿನ ಬರ ಬೇರೆ. ಹೆಚ್ಚಿನವರು ಕೈಬಿಟ್ಟರು. ಕಿಂಟಾ ದೊ ನೊವಾಲ್ ಘೋಷಿಸಿತು, ಇವತ್ತಿಗೂ ಅದರ ಹೆಸರು ಹೇಳುತ್ತಾರೆ. 1963ರಲ್ಲಿ ಹಾಗಲ್ಲ, ಹೆಚ್ಚುಕಮ್ಮಿ ಎಲ್ಲ ದೊಡ್ಡ ಮನೆಗಳೂ ಘೋಷಿಸಿದವು. ಅರವತ್ತು ದಾಟಿದ ಮೇಲೆ ಅದು ಈಗ ತುಂಬ ಚೆನ್ನಾದ ಹದದಲ್ಲಿದೆ ಅಂತ ನನ್ನ ಲೆಕ್ಕ. ಬಣ್ಣ ನಮ್ಮ ಕಡೆಯ ಮುರುಗಲ ಹಣ್ಣಿನ ಪಾನಕದಂತೆ ತಿಳಿಯಾಗಿರುತ್ತದೆ. ಎಳೆಯದರಲ್ಲಿ ಇರುವ ಕಪ್ಪು ನೇರಳೆ ಎಲ್ಲ ಹೋಗಿರುತ್ತದೆ. ಆದರೆ ಹಣ್ಣು ಇನ್ನೂ ಸಿಗುತ್ತೆ.

ಅದಕ್ಕಿಂತ ಹಿಂದಿನದು ಅದೃಷ್ಟದ ಆಟ. ಗ್ರಹಾಂ ಕಂಪನಿಯ 1945ರದ್ದು ಒಮ್ಮೆ ನಾಲಿಗೆಗೆ ಬಿತ್ತು. ಅಷ್ಟು ವರ್ಷದ ಮೇಲೂ ದಪ್ಪಗೆ, ಸಿಹಿಯಾಗಿ, ಹಟ ಹಿಡಿದು ನಿಂತಿತ್ತು. ಟೇಬಲ್‌ನವರು ಮಾತು ನಿಲ್ಲಿಸಲಿಲ್ಲ, ಯಾರದ್ದೋ ವಿಚ್ಛೇದನದ ಚರ್ಚೆ ಜೋರಾಗಿತ್ತು. ನನಗೆ ಹೊಟ್ಟೆ ಉರಿಯಿತು. ಟೇಲರ್ ಕಂಪನಿಯ 1927ರದ್ದು ಅಷ್ಟು ಮೈಯಿಲ್ಲದ್ದು. ಬಣ್ಣ ಬರಿ ತಾಮ್ರ. ಬಾಯಲ್ಲಿ ಮೊದಲು ಹೆಚ್ಚೇನೂ ಇಲ್ಲ ಅನ್ನಿಸಿತು. ನುಂಗಿದ ಮೇಲೆ ರುಚಿ ಬಂತು ನೋಡಿ. ಕಿತ್ತಳೆ ಸಿಪ್ಪೆ, ಒಣ ಅಂಜೂರ, ಕರಗಿದ ಬೆಲ್ಲ. ಅಡುಗೆಮನೆಗೆ ಹೋಗಿ ಬಂದರೂ ಅದು ಬಾಯಲ್ಲೇ ಇತ್ತು. ಇನ್ನೊಂದು, 1912ರದ್ದು, ಯಾರದ್ದು ಅಂತ ಹೇಳಲ್ಲ. ತೆಗೆದರೆ ಒದ್ದೆ ರಟ್ಟಿನ ಡಬ್ಬದ ವಾಸನೆ. ಗಿರಾಕಿ ಮೂಸಿ, ನನ್ನ ಮುಖ ನೋಡಿ, ನಕ್ಕು, ಬಿಯರ್ ತರಿಸಿಕೊಂಡ.

ಹಾಳಾಗಿದ್ದರೆ ಹೀಗೇ ಗೊತ್ತಾಗುತ್ತೆ. ಒದ್ದೆ ರಟ್ಟು, ಬೂಷ್ಟು ಹಿಡಿದ ಚೀಲ ಅಂದರೆ ಬಿರಡೆಯ ದೋಷ. ವಿನೆಗರ್, ಉಗುರು ಬಣ್ಣದ ಘಾಟು ಬಂದು ಹತ್ತಿಪ್ಪತ್ತು ನಿಮಿಷದಲ್ಲೂ ಹೋಗದಿದ್ದರೆ ಕಷ್ಟ. ಆದರೆ ತೆಗೆದ ಕೂಡಲೇ ಬರುವ ಸ್ವಲ್ಪ ಸ್ಪಿರಿಟ್ ಘಾಟಿಗೆ ಹೆದರಬೇಡಿ. ಹಣ್ಣು ತೆಳುವಾದಂತೆ ಸ್ಪಿರಿಟ್ ಎದ್ದು ಕಾಣುತ್ತೆ. ಎಷ್ಟೋ ಸಲ ತಾನೇ ಇಳಿಯುತ್ತೆ.

ಬಾಟಲಿ ಕತ್ತಿಗೆ ಟಾರ್ಚ್ ಹಿಡಿದು ವೈನ್ ಎಲ್ಲಿವರೆಗೆ ಇದೆ ನೋಡಿ ಬರೆಯಿರಿ. ಆಮೇಲೆ ಮುಂದಿನ ಮಾತು.


ಬೆಣ್ಣೆದೋಸೆ

ಇಷ್ಟು ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್ ಸರ್. ಟಾರ್ಚ್ ಹಿಡಿದು ನೋಡಿದೆ. 1963ರದ್ದು ಕತ್ತು ಶುರುವಾಗುವಲ್ಲಿವರೆಗೆ ಇದೆ. 1935 ಅನ್ನೋದು ಭುಜಕ್ಕಿಂತ ಕೆಳಗಿದೆ. ಅರಗಿನ ಪಕ್ಕ ಅಂಟು ಅಂಟು.

ಬರುವ ಶನಿವಾರ ಅಜ್ಜಿಯನ್ನೂ ಕರೆದು 1963 ತೆಗೆಯೋಣ ಅಂತಿದ್ದೇವೆ. ಇಕ್ಕಳ ಬೇಕೇ ಬೇಕಾ? ಬೆಳಿಗ್ಗೆಯೇ ಜಗ್ಗಿಗೆ ಬಗ್ಗಿಸಿ ಇಡಬೇಕಾ?


ನೆಲಮಾಳಿಗೆ, ಲಂಡನ್

ಇಕ್ಕಳ ಮನೆಯಲ್ಲಿ ಬೇಡ. ನೋಡಲು ಚೆಂದ, ಗಿರಾಕಿಗಳು ಫೋನ್ ಎತ್ತಿಕೊಳ್ಳುತ್ತಾರೆ. ಕೆಂಪಗೆ ಕಾಯಿಸಿ ಬಿರಡೆಗಿಂತ ಕೆಳಗೆ ಕತ್ತಿಗೆ ಹಿಡಿಯುತ್ತೇವೆ. ಆಮೇಲೆ ತಣ್ಣೀರಿನ ಬಟ್ಟೆ ಒತ್ತಿದರೆ ಟಕ್ ಅಂತ ಗಾಜು ಬಿರಿಯುತ್ತೆ. ಅಷ್ಟೇ ಕೆಲಸ, ಆದರೆ ಕೈ ಪಳಗಿರಬೇಕು.

ಬಿರಡೆ ಯಾಕೆ ಸರಿಯಾಗಿ ಬರಲ್ಲ ಅಂದರೆ, ಪೋರ್ಟ್ ಬಾಟಲಿಯ ಕತ್ತು ಮಧ್ಯದಲ್ಲಿ ಸ್ವಲ್ಪ ಉಬ್ಬಿರುತ್ತೆ. ಅರವತ್ತು ವರ್ಷದಲ್ಲಿ ಬಿರಡೆ ಆ ಉಬ್ಬಿನೊಳಗೆ ಹಿಗ್ಗಿ ಕೂತಿರುತ್ತದೆ. ಮೇಲಿನ ಇರುಕು ಬಾಯಿಯಿಂದ ಎಳೆದರೆ ಮುರಿಯದೆ ಏನು ಮಾಡೀತು? ಹಾಗಾಗಿ ಮುರಿಯುತ್ತೆ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಸ್ಕ್ರೂವನ್ನು ಪೂರ್ತಿ ಇಳಿಸಿ, ನಿಧಾನ ಎಳೆಯಿರಿ. ಎರಡು ತೆಳು ಅಲಗಿನ ಓಪನರ್ ಸಿಕ್ಕರೆ ಇನ್ನೂ ಒಳ್ಳೆಯದು. ಚೂರು ಒಳಗೆ ಬಿದ್ದರೆ ಬೀಳಲಿ. ತೆಳು ಮಲ್ ಬಟ್ಟೆ ತೊಳೆದು, ಸೋಪಿನ ವಾಸನೆ ಇಲ್ಲದ ಹಾಗೆ ಒಣಗಿಸಿ ಇಟ್ಟುಕೊಳ್ಳಿ. ಆಲಿಕೆಗೆ ಅದನ್ನು ಹಾಕಿ ಸೋಸಿ.

ಇವತ್ತೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಶನಿವಾರದ ಹೊತ್ತಿಗೆ ಗಸಿ ತಳಕ್ಕೆ ಇಳಿದಿರುತ್ತೆ. ಬಗ್ಗಿಸುವಾಗ ಕತ್ತಿನ ಹಿಂದೆ ಟಾರ್ಚ್ ಇಡಿ. ಶುರು ಮಾಡಿದ ಮೇಲೆ ನಿಲ್ಲಿಸಬೇಡಿ. ನಿಲ್ಲಿಸಿ ಮತ್ತೆ ಬಗ್ಗಿಸಿದರೆ ಒಳಗೆ ಅಲೆ ಎದ್ದು ಎಲ್ಲ ಕದಡುತ್ತೆ. ಕಪ್ಪು ಎಳೆ ಭುಜದ ಹತ್ತಿರ ಬಂದಾಗ ಕೈ ಎತ್ತಿ. ಅರ್ಧ ಲೋಟದಷ್ಟು ಉಳಿಯುತ್ತೆ, ಆಸೆ ಬೇಡ.

ಬೆಳಿಗ್ಗೆಯೇ ತೆಗೆಯುವುದು 2011ರಂಥ ಎಳೆಯದಕ್ಕೆ. ಅದಕ್ಕೆ ಗಾಳಿ ಎಷ್ಟಿದ್ದರೂ ಸಾಲದು. ನಿಮ್ಮದಕ್ಕೆ ಕುಡಿಯುವ ಒಂದೆರಡು ಗಂಟೆ ಮುಂಚೆ ಸಾಕು. ಇನ್ನೂ ಹಳೆಯದಾದರೆ ಬಗ್ಗಿಸಿ ಕೂಡಲೇ ಕೂರಬೇಕು. ಲೋಟದಲ್ಲಿ ಸ್ವಲ್ಪವೇ ಹಾಕಿಕೊಂಡು ಬದಲಾಗುವುದನ್ನು ನೋಡಿ. ನನಗೆ ಹಳೆಯ ಪೋರ್ಟಿನಲ್ಲಿ ಇಷ್ಟ ಆ ಮೊದಲ ಗಂಟೆ. ಮೊದಲು ಮುಚ್ಚಿದ ಕೋಣೆಯ ವಾಸನೆ ಇರುತ್ತೆ, ಆಮೇಲೆ ಒಣಹಣ್ಣು, ಆಮೇಲೆ ಚಹಾಸೊಪ್ಪು, ತಂಬಾಕು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಸಿಗಲ್ಲ, ಜಗಳ ಆಡಬಹುದು.

ತಿನ್ನೋಕೆ ಒಬ್ಬಟ್ಟು ಬೇಡ ಅಂದಿದ್ದು ಜಂಬಕ್ಕಲ್ಲ. ವೈನ್‌ಗಿಂತ ಸಿಹಿ ಆದದ್ದು ಬಾಯಲ್ಲಿದ್ದರೆ ವೈನ್ ಸಪ್ಪೆ, ಹುಳಿ ಅನ್ನಿಸುತ್ತೆ. ಇಲ್ಲಿನವರು ಸ್ಟಿಲ್ಟನ್ ಅನ್ನುವ ನೀಲಿ ಗೆರೆಯ ಚೀಸ್ ಇಡುತ್ತಾರೆ. ಅದು ನಿಮ್ಮ ಕಡೆಯದೇ ಸರಕು. ನಾಟಿಂಗ್‌ಹ್ಯಾಮ್‌ಶೈರ್, ಡರ್ಬಿಶೈರ್, ಲೆಸ್ಟರ್‌ಶೈರ್ ಬಿಟ್ಟು ಬೇರೆಲ್ಲೂ ಆ ಹೆಸರಿನಲ್ಲಿ ಮಾಡುವ ಹಾಗಿಲ್ಲ. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಿದ್ದೂ ಇರುತ್ತೆ, ಚೀಟಿ ಓದಿ ತೆಗೆದುಕೊಳ್ಳಿ. ಅದನ್ನೂ ಎಳೆಯ ಪೋರ್ಟ್‌ಗೆ ಇಡಿ ಅನ್ನೋನು ನಾನು. ಅರವತ್ತರ ವೈನ್‌ಗೆ ಆ ಉಪ್ಪು, ಆ ಖಾರ ಜಾಸ್ತಿ. ಅಕ್ರೋಟು ಇಡಿ. ಉಪ್ಪಿಲ್ಲದೆ ಹುರಿದ ಬಾದಾಮಿ ಇಡಿ. ಮುಖ್ಯ, ಒಗ್ಗರಣೆ ಘಮ ಮನೆಯಲ್ಲಿ ಇರಬಾರದು. ಅಡುಗೆ ಮಧ್ಯಾಹ್ನವೇ ಮುಗಿಸಿ ಕಿಟಕಿ ತೆಗೆದಿಡಿ.

ಅಜ್ಜಿಯ ಕೈಗೂ ಒಂದು ಲೋಟ ಕೊಡಿ. ಮೂಸೋಕೆ ಡಾಕ್ಟರ ಅನುಮತಿ ಬೇಕಿಲ್ಲ.


ಉತ್ತರ: ಗಾಯಾ ಗೌಡ್ತಿ, ಪೋರ್ಟೊ

ಒಂದು ತಕರಾರು. ನೆಲಮಾಳಿಗೆ ಅವರು ಲಂಡನ್ನಿನಲ್ಲಿ ಕೂತು ಬಾಟಲಿ ಬಾಟಲಿ ಅಂತಾರೆ. ಹಳೆಯ ಪೋರ್ಟ್ ಅಂದರೆ ಅದೊಂದೇ ಅಲ್ಲ ಸ್ವಾಮಿ. ನಾನು ಪೋರ್ಟೊದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ನದಿ ದಾಟಿದರೆ ವಿಲಾ ನೋವಾ ದೆ ಗಾಯಾ. ಕಂಪನಿಗಳ ಉಗ್ರಾಣಗಳು ಅಲ್ಲಿ ಸಾಲಾಗಿ ಇವೆ. ಡೋರೊ ಕಣಿವೆಯ ಬಿಸಿಲಿನಲ್ಲಿ ಮಾಡಿದ ವೈನನ್ನು ಸಮುದ್ರದ ಪಕ್ಕದ ಈ ತಂಪಿಗೆ ತಂದು ಇಡುವುದು ಹಳೆಯ ಪದ್ಧತಿ. ಹೊರದೇಶಕ್ಕೆ ಕಳಿಸುವ ಪೋರ್ಟ್ ಎಲ್ಲ ಇಲ್ಲಿಂದಲೇ ಹೋಗಬೇಕು ಅನ್ನುವ ಕಾನೂನು 1986ರವರೆಗೂ ಇತ್ತು.

ಇಲ್ಲಿ ಹಳೆಯದು ಅಂದರೆ ಪೀಪಾಯಿಯಲ್ಲಿ ಕೂತ ಟಾನಿ, ಕೊಲ್ಯೆಯ್ಟಾ. ಕೊಲ್ಯೆಯ್ಟಾ ಒಂದೇ ವರ್ಷದ ಫಸಲಿನದ್ದು, ಕನಿಷ್ಠ 7 ವರ್ಷ ಮರದಲ್ಲಿ. ಐವತ್ತು ಅರವತ್ತು ವರ್ಷ ಇಟ್ಟದ್ದೂ ಸಿಗುತ್ತೆ. ಗಸಿ ಇಲ್ಲ, ಇಕ್ಕಳ ಇಲ್ಲ, ಬಿರಡೆಯ ಗೋಳಿಲ್ಲ. ತೆಗೆದ ಮೇಲೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ಚೆನ್ನಾಗಿರುತ್ತೆ. ರುಚಿಯಲ್ಲೂ ಆಕ್ರೋಟು, ಕ್ಯಾರಮೆಲ್, ಕಿತ್ತಳೆ ಎಲ್ಲ ತುಂಬಿರುತ್ತೆ. ನನ್ನನ್ನು ಕೇಳಿದರೆ ಅದೇ ಮೇಲು. ಒಂದು ವಿಷಯ, ಕೊಲ್ಯೆಯ್ಟಾ ಬಾಟಲಿಯ ಮೇಲೆ ಫಸಲಿನ ಇಸವಿಯ ಜೊತೆ ಬಾಟಲಿಗೆ ತುಂಬಿದ ಇಸವಿಯೂ ಇರುತ್ತೆ. ಕೊಳ್ಳುವಾಗ ಎರಡನ್ನೂ ನೋಡಿ.


ನೆಲಮಾಳಿಗೆ, ಲಂಡನ್

ಗೌಡ್ತಿಯವರೇ, ಒಪ್ಪಿದೆ, ಅರ್ಧ. ದುಡ್ಡು ಕೊಟ್ಟು ಕೊಳ್ಳುವುದಾದರೆ ನಾನೂ ಹಳೆಯ ಕೊಲ್ಯೆಯ್ಟಾವನ್ನೇ ಕೊಳ್ಳುತ್ತೇನೆ. ಮೋಸ ಆಗಲ್ಲ. ಪೀಪಾಯಿ ವರ್ಷಾನುಗಟ್ಟಲೆ ಆವಿ ಬಿಟ್ಟು, ಗಾಳಿ ಕುಡಿದು ಆ ರುಚಿ ಕಟ್ಟಿರುತ್ತೆ. ಪೀಪಾಯಿ ನೋಡಿಕೊಳ್ಳುವ ಮಾಸ್ಟರು ಆಗಾಗ ನೋಡಿ ಸರಿಪಡಿಸುತ್ತಾನೆ. ಬಾಟಲಿಯೊಳಗಿನದ್ದನ್ನು ಯಾರೂ ನೋಡಿರುವುದಿಲ್ಲ. ಒಂದೇ ಪೆಟ್ಟಿಗೆಯ ಎರಡು ಬಾಟಲಿ ಬೇರೆ ಬೇರೆ ಆಗಿರುತ್ತವೆ. ಅದಕ್ಕೇ ನನಗೆ ಅದರ ಹುಚ್ಚು.


ಬೆಣ್ಣೆದೋಸೆ

ಶನಿವಾರ ಆಯಿತು. ಬರೆಯದೆ ಇರೋಕಾಗಲ್ಲ.

ಬಿರಡೆ ಮೂರು ತುಂಡಾಯಿತು. ಯಜಮಾನರು ಬೆವರಿಬಿಟ್ಟರು. ಕೆಳಗಿನ ತುಂಡನ್ನು ಚಮಚದ ಹಿಡಿಯಿಂದ ಒಳಗೇ ತಳ್ಳಿ, ಮಲ್ ಬಟ್ಟೆಯಲ್ಲಿ ಸೋಸಿದೆವು. ತುಂಡುಗಳನ್ನು ಜೋಡಿಸಿದಾಗ ಇಂಗ್ಲಿಷಿನ ಎಸ್, ಇ, ಸಿ, ಎ ಓದೋಕೆ ಸಿಕ್ಕಿತು. ಕೆಳಗೆ 1963.

ಮೊದಲ ಗುಟುಕಿಗೆ ನನಗೆ ಘಾಟೇ ಗೊತ್ತಾಗಿದ್ದು. ಯಜಮಾನರು ಕೆಮ್ಮಿನ ಔಷಧಿ ಅಂದರು. ಇಬ್ಬರೂ ಸುಮ್ನೆ ಮುಖ ನೋಡಿಕೊಂಡೆವು. ಅರ್ಧ ಗಂಟೆ ಬಿಟ್ಟು ಮತ್ತೆ ಬಾಯಿಗಿಟ್ಟರೆ ಅದು ಬೇರೆಯೇ ಆಗಿತ್ತು. ಒಣದ್ರಾಕ್ಷಿ, ಚೆರ್ರಿ, ಸ್ವಲ್ಪ ಲವಂಗ. ಸಿಹಿ ಇದೆ, ಆದರೆ ಗಂಟಲಿಗೆ ಅಂಟಲ್ಲ. ನನಗೆ ತಂಬಾಕು ಸಿಗಲಿಲ್ಲ, ಯಜಮಾನರಿಗೆ ಸಿಕ್ಕಿತು. ಅಜ್ಜಿ ಮೂಸಿ "ಆಗಲಿ ಬಿಡು" ಅಂತ ಒಂದು ಗುಟುಕು ಕುಡಿದೇ ಬಿಟ್ಟರು. ಜಗ್ಗನ್ನು ನಾನು ಬಲಗಡೆಗೆ ಕೊಟ್ಟಿದ್ದಕ್ಕೆ ಬೈಸಿಕೊಂಡೆ. ಪೋರ್ಟ್ ಎಡಕ್ಕೇ ಹೋಗಬೇಕಂತೆ.

ಕಾಲು ಭಾಗ ಉಳಿದಿದೆ. ಎಷ್ಟು ದಿನ ಇಡಬಹುದು? 1935ರದ್ದು ಏನು ಮಾಡಲಿ?


ನೆಲಮಾಳಿಗೆ, ಲಂಡನ್

ಫೋನ್ಸೆಕಾ! 1963ರಲ್ಲಿ ಯಾವುದು ಮೇಲು ಅಂತ ವಾದ ಮಾಡುವವರು ಮೊದಲು ಎತ್ತುವ ಹೆಸರುಗಳಲ್ಲಿ ಅದೂ ಒಂದು. ನನ್ನ ಹೊಟ್ಟೆ ಮತ್ತೆ ಉರಿಯಿತು. ಎಡಗಡೆಯ ವಿಷಯದಲ್ಲಿ ಅಜ್ಜಿ ಹೇಳಿದ್ದೇ ಸರಿ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ಯಾವುದನ್ನೂ ನಂಬಬೇಡಿ.

ಉಳಿದದ್ದನ್ನು ಸಣ್ಣ ಬಾಟಲಿಗೆ ಬಾಯಿತನಕ ತುಂಬಿ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ನಾಳೆಯೇ ಮುಗಿಸಿ. ನಾಡಿದ್ದಿಗೆ ಹಣ್ಣು ಹೋಗಿ ಸ್ಪಿರಿಟ್ ಮಾತ್ರ ಉಳಿಯುತ್ತೆ.

1935 ಒಳ್ಳೆಯ ವರ್ಷವೇ. ಕೆಲವು ಮನೆಗಳು 1934 ಘೋಷಿಸಿದವು, ಕೆಲವು 1935. ಆದರೆ ಭುಜಕ್ಕಿಂತ ಕೆಳಗೆ ಇಳಿದಿದೆ, ಬಿರಡೆ ಸೋರಿದೆ. ಮಾರಿದರೂ ಯಾರೂ ಬೆಲೆ ಕಟ್ಟಲ್ಲ. ಇಟ್ಟಷ್ಟೂ ಇಳಿಯುತ್ತೆ. ಹಾಗಾಗಿ ಅಜ್ಜಿ ಹೊರಡುವ ಮುಂಚೆ ತೆಗೆಯಿರಿ. ಚೆನ್ನಾಗಿರುವ ಸಂಭವ ಕಮ್ಮಿ, ಆದರೆ ಇಂಥ ಬಾಟಲಿಗಳು ಒಮ್ಮೊಮ್ಮೆ ಬೆಚ್ಚಿಬೀಳಿಸುತ್ತವೆ. ನಿಲ್ಲಿಸಿ ಇಡಿ, ತೆಗೆದ ಕೂಡಲೇ ಕುಡಿಯಿರಿ. ಪಕ್ಕದಲ್ಲಿ ಒಂದು ಸಾಧಾರಣ ಟಾನಿ ಇಟ್ಟುಕೊಂಡಿರಿ, ಕೈಕೊಟ್ಟರೆ ಇರಲಿ ಅಂತ. ಜಗ್ಗನ್ನು ಬರಿ ಬಿಸಿನೀರಿನಲ್ಲಿ ತೊಳೆಯಿರಿ. ಸೋಪು ಮುಟ್ಟಿಸಬೇಡಿ. ಬಿರಡೆಯ ಮೇಲೆ ಏನು ಬರೆದಿದೆ ಅಂತ ಫೋಟೋ ಹಾಕಿ.